ಒಂದೇ ರಕ್ತ, ಎರಡು ತಟ್ಟೆ

ಇಲ್ಲಿ ಏನಾದರೂ ಬರೆದು ನಾಲ್ಕು ತಿಂಗಳಾಯ್ತು. ರಿಲೀಸು, ಪ್ರೊಡಕ್ಷನ್ ಇಶ್ಯೂ, ಮಧ್ಯೆ ಆರು ವಾರ ಆನ್‌ಸೈಟು... ನೆಪಗಳಿಗೇನು ಬರ ಹೇಳಿ. ಇವತ್ತು ಬರೆಯುತ್ತಿರೋದು ಊಟದ ವಿಷಯ. ಆದರೆ ತಟ್ಟೆ ಮುಂದೆ ಇಟ್ಕೊಂಡು ಓದೋ ಅಂಥ ವಿಷಯವಲ್ಲ. ಸಸ್ಯಾಹಾರಿ ಗೆಳೆಯರು ಊಟ ಮುಗಿಸಿಕೊಂಡೇ ಬನ್ನಿ, ಓದದೇ ಮಾತ್ರ ಹೋಗಬೇಡಿ :)

ಮ್ಯಾಂಚೆಸ್ಟರಿಗೆ ಹೋಗಿ ಮೊದಲ ಶನಿವಾರ. ನಾವು ಮೂವರು ಹೋಟೆಲಿನಲ್ಲಿ ತಿಂಡಿಗೆ ಕೂತಿದ್ವಿ. ತಟ್ಟೆಯಲ್ಲಿ ಮೊಟ್ಟೆ, ಬೀನ್ಸು, ಅಣಬೆ, ಅರ್ಧ ಟೊಮೆಟೊ. ಪಕ್ಕದಲ್ಲಿ ಮದ್ದೂರು ವಡೆ ಸೀದುಹೋದ ಹಾಗೆ ಕಪ್ಪಗಿರೋ ಎರಡು ಬಿಲ್ಲೆ. ಇದೇನು ಅಂತ ಕೇಳಿದ್ದಕ್ಕೆ ಬಡಿಸುವ ಹುಡುಗಿ ಆರಾಮಾಗಿ ಹೇಳಿದಳು, "ಬ್ಲ್ಯಾಕ್ ಪುಡ್ಡಿಂಗ್. ಹಂದಿ ರಕ್ತ, ಓಟ್ಸು, ಕೊಬ್ಬು."

ನಮ್ಮ ಟೀಮ್ ಲೀಡ್ ಬೆಂಗಳೂರಿನವನೇ. ಒಂದು ಕ್ಷಣ ಯೋಚಿಸಿದ. ಆಮೇಲೆ ಮೊಬೈಲ್ ತೆಗೆದು ನಾಲ್ಕು ದಿಕ್ಕಿನಿಂದ ಫೋಟೋ ಹೊಡೆದ, ಒಂದು ತುಂಡು ಬಾಯಿಗೆ ಹಾಕಿಕೊಂಡ. "ಪರವಾಗಿಲ್ಲ ಮಗಾ, ಬೇರೆ ಥರಾನೇ ಇದೆ ಟೇಸ್ಟು" ಅಂದ. ಐದು ನಿಮಿಷದಲ್ಲಿ ಟೀಮಿನ ಗ್ರೂಪಿಗೆ ಫೋಟೋ ಹೋಯ್ತು, 'ಅಪ್ಪಟ ಇಂಗ್ಲಿಷ್ ಬ್ರೇಕ್‌ಫಾಸ್ಟ್' ಅಂತ. ಚಪ್ಪಾಳೆ ಗುರುತುಗಳು ಸಾಲಾಗಿ ಬಂದವು.

ನಾನೂ ತಿಂದೆ. ರುಚಿ ಚೆನ್ನಾಗೇ ಇತ್ತು. ಆದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯ್ತು. ಅದು ಪುಡ್ಡಿಂಗ್ ಅಲ್ಲ. ಅದಕ್ಕೂ ಎಂಟು ತಿಂಗಳ ಹಿಂದಿನ ಒಂದು ಮಧ್ಯಾಹ್ನದ ಊಟ.

ಅವತ್ತು ಬೆಂಗಳೂರಿನ ಆಫೀಸಿನ ಕ್ಯಾಂಟೀನಿನಲ್ಲಿ ಇದೇ ಟೀಮು, ಇದೇ ಲೀಡು. ಊರಿಗೆ ಹೋದಾಗ ಯಾರು ಏನು ತಿಂತೀರಿ ಅಂತ ಮಾತು ಬಂತು. ಒಬ್ಬರು ಹೋಳಿಗೆ ಅಂದರು, ಇನ್ನೊಬ್ಬರು ಅಮ್ಮನ ಕೈಯ ಮೀನು ಸಾರು ಅಂದರು. ಟೀಮಿಗೆ ಹೊಸದಾಗಿ ಸೇರಿದ್ದ ಶಿಲ್ಲಾಂಗಿನ ಹುಡುಗಿ "ಜಾದೊ" ಅಂದಳು. ಏನದು ಅಂತ ನಾವೇ ಕೇಳಿದ್ದು. ಖಾಸಿ ಭಾಷೆಯಲ್ಲಿ 'ಜಾ' ಅಂದ್ರೆ ಅನ್ನ, 'ದೊ' ಅಂದ್ರೆ ಮಾಂಸ. ತಮ್ಮ ಮನೆಯಲ್ಲಿ ಹಂದಿಯ ರಕ್ತ ಹಾಕಿ ಬೇಯಿಸ್ತಾರೆ, ಅದಕ್ಕೇ ಆ ಬಣ್ಣ, ಆ ರುಚಿ ಅಂತ ಖುಷಿಯಿಂದ ವಿವರಿಸಿದಳು.

ಟೇಬಲ್ಲು ತಣ್ಣಗಾಯ್ತು. ಒಬ್ಬಳು ಚಮಚ ಕೆಳಗಿಟ್ಟಳು. ಲೀಡು ನಗುತ್ತಲೇ, "ರಕ್ತಾನಾ? ನೀವೇನು ಡ್ರಾಕುಲಾ ಕಡೆಯವರಾ?" ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ನಗಬೇಕಾದ್ದರಿಂದ.

ನಾನೂ ನಕ್ಕೆ. ಈ ಬರಹಕ್ಕೆ ಕಾರಣ ಅದೇ.

ಯಾಕೆಂದರೆ ನಾನು ರಕ್ತ ತಿಂದುಕೊಂಡೇ ಬೆಳೆದವನು.

ಕುಣಿಗಲ್ ಕಡೆ ನಮ್ಮೂರು. ಯುಗಾದಿಯ ದಿನ ಬೇವು ಬೆಲ್ಲ, ಒಬ್ಬಟ್ಟು. ಮಾರನೇ ದಿನ ಹೊಸತೊಡಕು. ಹಳೇ ಮೈಸೂರಿನ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳ್ತೀನಿ: ಅವತ್ತು ಬಾಡೂಟ. ಹತ್ತಾರು ಮನೆಯವರು ದುಡ್ಡು ಹಾಕಿ ಮರಿ ತರ್ತಾರೆ, ನಸುಕಿನಲ್ಲೇ ಕುಯ್ದು ಗುಡ್ಡೆ ಹಾಕ್ತಾರೆ. ಒಂದೊಂದು ಗುಡ್ಡೆಯಲ್ಲೂ ಎಲ್ಲ ಭಾಗದ್ದೂ ಸ್ವಲ್ಪ ಸ್ವಲ್ಪ ಇರಬೇಕು, ತೊಡೆಯೂ ಇರಬೇಕು, ಈಲಿಯೂ ಇರಬೇಕು. ಅದಕ್ಕೇ ಗುಡ್ಡೆ ಮಾಂಸ ಅನ್ನೋದು. ಈ ಪಾಲು ಲೆಕ್ಕಕ್ಕೆ ಸೇರದ ಒಂದು ವಸ್ತು ರಕ್ತ. ಬೇಕಾದವರು ಪಾತ್ರೆ ತಂದು ಹಿಡ್ಕೋಬೇಕು. ನಮ್ಮಜ್ಜಿ ಉಪ್ಪುನೀರು ಹಾಕಿದ ಬೋಗುಣಿ ಕೊಟ್ಟು ನನ್ನನ್ನು ಓಡಿಸೋರು. "ಚೆಲ್ಬ್ಯಾಡ ಕಣ್ಲಾ ಮಗ, ಮೆಲ್ಲಕ್ ಬಾ" ಅಂತ ಹಿಂದಿನಿಂದ ಕೂಗೋರು.

ಮನೆಗೆ ತರೋ ಹೊತ್ತಿಗೆ ಅದು ಗಿಣ್ಣಿನ ಹಾಗೆ ಗಟ್ಟಿಯಾಗೋಕೆ ಶುರುವಾಗಿರ್ತಿತ್ತು. ಅಜ್ಜಿ ಅದನ್ನು ತುಂಡು ಮಾಡಿ ಕುದಿಯೋ ನೀರಿಗೆ ಬಿಡೋರು. ಕೆಂಪು ಹೋಗಿ ಕಂದು, ಆಮೇಲೆ ಕಪ್ಪು. ನೀರು ಬಸಿದು, ಕೈಯಲ್ಲಿ ಪುಡಿ ಮಾಡಿ, ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ಮೇಲೆ ಕಾಯಿತುರಿ, ಕೊತ್ತಂಬರಿ ಸೊಪ್ಪು. ಅಷ್ಟೇ, ರಕ್ತದ ಪಲ್ಯ ರೆಡಿ. ಸಾರು ಕುದಿಯೋಕೆ ಇನ್ನೂ ಎರಡು ಗಂಟೆ ಇರುವಾಗಲೇ ಮಕ್ಕಳ ಕೈಗೆ ಬರುವ ಮೊದಲ ತುತ್ತು ಅದು. ನೋಡೋಕೂ ತಿನ್ನೋಕೂ ಮೊಟ್ಟೆ ಪಲ್ಯದ ಅಣ್ಣನ ಹಾಗಿರುತ್ತೆ.

ಇಂಜಿನಿಯರಿಂಗಿಗೆ ಸೇರಿ ಹಾಸ್ಟೆಲಿಗೆ ಬಂದ ಮೇಲೆ ಈ ವಿಷಯ ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಮಟನ್ ತಿಂತೀನಿ ಅನ್ನೋದಕ್ಕೆ ಸಂಕೋಚ ಇರಲಿಲ್ಲ. ಆದರೆ ರಕ್ತ, ಬೋಟಿ ಅಂದ ಕೂಡಲೇ ಎದುರಿಗಿರೋರ ಮುಖದಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತೆ. ಇವನು ಯಾವ ಜನ, ಯಾವ ಕೇರಿ, ಎಷ್ಟು ಕೆಳಗೆ ಅನ್ನೋ ಲೆಕ್ಕಾಚಾರ. ನಮ್ಮಲ್ಲಿ "ಏನು ತಿಂತೀಯ" ಅನ್ನೋ ಪ್ರಶ್ನೆ ಬರೀ ಊಟದ ಪ್ರಶ್ನೆ ಆಗಿದ್ದು ಯಾವಾಗ ಹೇಳಿ? ಆ ಲೆಕ್ಕದಿಂದ ತಪ್ಪಿಸಿಕೊಳ್ಳೋಕೆ ನಾನು ಹತ್ತು ವರ್ಷ ಸುಮ್ಮನಿದ್ದೆ. ಅವತ್ತು ಕ್ಯಾಂಟೀನಿನಲ್ಲಿ ಬೇರೆಯವಳು ಸಿಕ್ಕಿಹಾಕಿಕೊಂಡಾಗಲೂ ಸುಮ್ಮನಿದ್ದೆ.

ಈಗ ಮ್ಯಾಂಚೆಸ್ಟರಿಗೆ ವಾಪಸ್ ಬರೋಣ. ಅಲ್ಲೇ ಹತ್ತಿರದಲ್ಲಿ ಬರಿ ಅಂತ ಒಂದು ಊರಿದೆ. ಬ್ಲ್ಯಾಕ್ ಪುಡ್ಡಿಂಗಿಗೆ ಅದು ನಮ್ಮ ಧಾರವಾಡ ಪೇಡೆಯ ಧಾರವಾಡ ಇದ್ದ ಹಾಗೆ. ಪಕ್ಕದ ರ‍್ಯಾಮ್ಸ್‌ಬಾಟಮ್ ಊರಿನಲ್ಲಿ ಬ್ಲ್ಯಾಕ್ ಪುಡ್ಡಿಂಗ್ ಎಸೆಯೋ ವಿಶ್ವ ಚಾಂಪಿಯನ್‌ಶಿಪ್ಪೇ ನಡೆಯುತ್ತೆ. ಎತ್ತರದ ಅಟ್ಟಣೆಯ ಮೇಲೆ ಯಾರ್ಕ್‌ಷೈರ್ ಪುಡ್ಡಿಂಗ್ ಪೇರಿಸಿಟ್ಟು, ಕೆಳಗಿನಿಂದ ರಕ್ತದ ಪುಡ್ಡಿಂಗ್ ಎಸೆದು ಬೀಳಿಸಬೇಕು. ತಮಾಷೆ ಅಲ್ಲ, ನಿಜ! ಸ್ಕಾಟ್ಲೆಂಡಿನ ಸ್ಟಾರ್ನೊವೇ ಬ್ಲ್ಯಾಕ್ ಪುಡ್ಡಿಂಗಿಗೆ 2013ರಲ್ಲಿ ಯುರೋಪಿನ ಭೌಗೋಳಿಕ ರಕ್ಷಣೆ ಸಿಕ್ಕಿದೆ, ನಮ್ಮ ಮೈಸೂರು ಮಲ್ಲಿಗೆಗೆ ಜಿಐ ಟ್ಯಾಗ್ ಸಿಕ್ಕ ಹಾಗೆ. ಫ್ರಾನ್ಸಿನ ಮೊರ್ತಾನ್ಯ್ ಊರಿನಲ್ಲಿ ರಕ್ತದ ಸಾಸೇಜನ್ನು ಕಾಪಾಡೋಕೆ ಒಂದು ಸಂಘವೇ ಇದೆ. ಸದಸ್ಯರು ನಿಲುವಂಗಿ ತೊಟ್ಟು ಮೆರವಣಿಗೆ ಹೋಗ್ತಾರೆ, ವರ್ಷ ವರ್ಷ ಸ್ಪರ್ಧೆ ಇಡ್ತಾರೆ.

ಇನ್ನೂ ಮೇಲಕ್ಕೆ ಹೋಗಿ. ಪ್ಯಾರಿಸ್ಸಿನ ಲಾ ತೂರ್ ದಾರ್ಜಾನ್ ಅನ್ನೋ ರೆಸ್ಟೋರೆಂಟಿನ ಹೆಸರಾಂತ ಅಡುಗೆ ಬಾತುಕೋಳಿಯದ್ದು. ಬೆಂದ ಬಾತಿನ ಎಲುಬುಗೂಡನ್ನು ಬೆಳ್ಳಿಯ ಯಂತ್ರದಲ್ಲಿಟ್ಟು ಹಿಂಡಿ, ಬಂದ ರಕ್ತದಿಂದಲೇ ಸಾಸು ಮಾಡ್ತಾರೆ. 1890ರಿಂದ ಪ್ರತಿ ಬಾತುಕೋಳಿಗೂ ನಂಬರ್ ಕೊಡ್ತಾ ಬಂದಿದ್ದಾರೆ. 2003ರಲ್ಲಿ ಹತ್ತು ಲಕ್ಷ ದಾಟಿತು. ತಿಂದವರು ಆ ನಂಬರಿನ ಚೀಟಿಯನ್ನು ಜೋಪಾನ ಮಾಡಿ ಇಟ್ಕೊಳ್ತಾರೆ. ನಮ್ಮಜ್ಜಿ ಬೋಗುಣಿಯಲ್ಲಿ ಹಿಡಿದ ರಕ್ತಕ್ಕೂ ಬೆಳ್ಳಿ ಯಂತ್ರದಲ್ಲಿ ಹಿಂಡಿದ ರಕ್ತಕ್ಕೂ ಏನು ವ್ಯತ್ಯಾಸ? ಅದರೊಳಗಿನ ಕಬ್ಬಿಣ ಒಂದೇ, ಪ್ರೋಟೀನು ಒಂದೇ. ಬೇರೆ ಇರೋದು ಬಿಲ್ಲು ಮಾತ್ರ.

ಯುರೋಪಿನಲ್ಲೂ ಎಲ್ಲ ಕಾಲದಲ್ಲೂ ಹೀಗೇ ಇರಲಿಲ್ಲ ಅನ್ನೋದನ್ನು ಹೇಳಬೇಕು. ಹೋಮರನ ಒಡಿಸ್ಸಿಯಲ್ಲೇ ಕೊಬ್ಬು, ರಕ್ತ ತುಂಬಿದ ಮೇಕೆ ಹೊಟ್ಟೆಯನ್ನು ಬೆಂಕಿಯಲ್ಲಿ ಸುಡೋ ಪ್ರಸ್ತಾಪ ಬರುತ್ತೆ, ಅಷ್ಟು ಹಳೇ ಅಡುಗೆ ಇದು. ಆದರೆ 886ರಿಂದ 912ರವರೆಗೆ ಆಳಿದ ಬೈಜಾಂಟಿಯಮ್ಮಿನ ಚಕ್ರವರ್ತಿ ಆರನೇ ಲಿಯೋ, ರಕ್ತದ ಸಾಸೇಜು ಮಾಡಬಾರದು, ಮಾರಬಾರದು ಅಂತ ಕಾನೂನೇ ತಂದ. ಸಿಕ್ಕಿಬಿದ್ದರೆ ಆಸ್ತಿ ಮುಟ್ಟುಗೋಲು, ಗಡಿಪಾರು. ಕಾನೂನು ತರಬೇಕಾಯ್ತು ಅಂದ್ರೆ ಜನ ಎಷ್ಟು ಇಷ್ಟಪಟ್ಟು ತಿಂತಿದ್ದರು ಲೆಕ್ಕ ಹಾಕಿ!

ಪೂರ್ವಕ್ಕೆ ಬಂದರೆ ಕೊರಿಯಾದಲ್ಲಿ ರಾತ್ರಿ ಕುಡಿದ ಅಮಲು ಇಳಿಸೋಕೆ ಬೆಳಿಗ್ಗೆ ಕುಡಿಯೋದು ದನದ ರಕ್ತದ ತುಂಡುಗಳಿರೋ ಸಾರು. ತೈವಾನಿನಲ್ಲಿ ಅಂಟು ಅಕ್ಕಿಗೆ ಹಂದಿ ರಕ್ತ ಸೇರಿಸಿ ಹಬೆಯಲ್ಲಿ ಬೇಯಿಸಿ, ಕಡ್ಲೆಕಾಯಿ ಪುಡಿಯಲ್ಲಿ ಹೊರಳಿಸಿ, ಕಡ್ಡಿಗೆ ಚುಚ್ಚಿ ಬೀದಿಯಲ್ಲಿ ಮಾರ್ತಾರೆ. ಫಿಲಿಪೀನ್ಸಿನಲ್ಲಿ ದಿನುಗುವಾನ್ ಅಂತ ಹಂದಿ ರಕ್ತದ ಹುಳಿ ಸಾರಿದೆ. ಅದನ್ನು ನೆಂಚಿಕೊಂಡು ತಿನ್ನೋದು 'ಪುತೊ' ಜೊತೆ, ಅದು ಅಕ್ಕಿಯದೇ, ಹಬೆಯಲ್ಲೇ ಬೆಂದಿದ್ದು, ನಮ್ಮ ಇಡ್ಲಿಯ ದೂರದ ನೆಂಟ. ಅಲ್ಲಿಯವರು ವಿದೇಶಿ ಅತಿಥಿಗಳಿಗೆ ಬಡಿಸುವಾಗ ಇದಕ್ಕೆ 'ಚಾಕೊಲೇಟ್ ಮಾಂಸ' ಅಂತ ಹೆಸರು ಹೇಳ್ತಾರಂತೆ. ಇದನ್ನು ಓದಿದಾಗ ನಗು ಬಂತು, ಹಿಂದೆಯೇ ಬೇಜಾರೂ ಆಯ್ತು. ನಾನೂ ಹತ್ತು ವರ್ಷ ಮಾಡಿದ್ದು ಅದನ್ನೇ ತಾನೆ. ಅವರು ಹೆಸರು ಬದಲಿಸಿದರು, ನಾನು ಹೆಸರೇ ಎತ್ತಲಿಲ್ಲ.

ಅಷ್ಟು ದೂರ ಯಾಕೆ, ತಮಿಳುನಾಡಿನಲ್ಲಿ ರತ್ತ ಪೊರಿಯಲ್ ಇದೆ, ತೆಲುಗರಲ್ಲಿ 'ನಲ್ಲ' ಅಂತಾರೆ, ಗೋವಾದ ಕ್ರೈಸ್ತರ ಸೊರ್ಪೊತೆಲಿಗೆ ಹಳೇ ಕ್ರಮದಲ್ಲಿ ಹಂದಿ ರಕ್ತ ಬೀಳಲೇಬೇಕು. ಮರಾಠವಾಡದ ದಲಿತರ ಅಡುಗೆಯ ಬಗ್ಗೆ ಶಾಹು ಪಾಟೋಳೆ 2015ರಲ್ಲಿ ಮರಾಠಿಯಲ್ಲಿ ಒಂದು ಪುಸ್ತಕ ಬರೆದರು, 2024ರಲ್ಲಿ ಅದು ಇಂಗ್ಲಿಷಿಗೂ ಬಂತು. ಅಡುಗೆ ಪುಸ್ತಕಗಳಲ್ಲಿ ಜಾಗವೇ ಸಿಗದ ಊಟ ಅದರಲ್ಲಿದೆ. ನಮ್ಮಲ್ಲೂ ಹಾಗೊಂದು ಪುಸ್ತಕ ಬರಬೇಕು ಅನ್ನೋದು ನನ್ನಾಸೆ.

ಇಷ್ಟು ಹೇಳಿದ ಮೇಲೆ ಒಂದೆರಡು ಆಕ್ಷೇಪಗಳನ್ನು ನಾನೇ ಎತ್ತಿಬಿಡ್ತೀನಿ, ಇಲ್ಲದಿದ್ದರೆ ನೀವು ಎತ್ತುತ್ತೀರಿ.

ಒಂದು, ಧರ್ಮ. ಯಹೂದಿಗಳಿಗೆ ರಕ್ತ ನಿಷಿದ್ಧ. ಪ್ರಾಣ ಇರೋದು ರಕ್ತದಲ್ಲಿ, ಅದು ದೇವರದ್ದು, ನಿನ್ನದಲ್ಲ ಅನ್ನೋ ಭಾವನೆ. ಅದಕ್ಕೇ ಮಾಂಸಕ್ಕೆ ಉಪ್ಪು ಹಚ್ಚಿ ಉಳಿದ ರಕ್ತವನ್ನೂ ತೆಗೀತಾರೆ. ಇಸ್ಲಾಮಿನಲ್ಲೂ ಹರಿಯುವ ರಕ್ತ ಹರಾಮ್. ಬೈಬಲಿನ ಹೊಸ ಒಡಂಬಡಿಕೆಯಲ್ಲೂ ರಕ್ತದಿಂದ ದೂರವಿರಿ ಅನ್ನೋ ಮಾತು ಬರುತ್ತೆ, ಹಾಗಿದ್ದೂ ಬಹುಪಾಲು ಕ್ರೈಸ್ತ ದೇಶಗಳು ತಿಂತಾ ಬಂದವು. ಈ ನಿಯಮಗಳ ಬಗ್ಗೆ ನನಗೆ ತಕರಾರಿಲ್ಲ. 'ಇದನ್ನು ನಾನು ತಿನ್ನೋದಿಲ್ಲ' ಅನ್ನೋದು ವ್ರತ. ಅದಕ್ಕೆ ಕೈ ಮುಗೀತೀನಿ. 'ಇದನ್ನು ತಿನ್ನೋನು ಹೊಲಸು' ಅನ್ನೋದು ಬೇರೆ. ಮೊದಲನೆಯ ಮಾತಿನ ನೆರಳಿನಲ್ಲಿ ಎರಡನೆಯದು ನುಸುಳಿಬಿಡುತ್ತೆ, ಅದರ ಬಗ್ಗೆ ನನ್ನ ಜಗಳ.

ಎರಡು, ಆರೋಗ್ಯ. ಈ ಹೆದರಿಕೆ ಪೂರ್ತಿ ಸುಳ್ಳಲ್ಲ. ರಕ್ತ ಬೇಗ ಕೆಡುತ್ತೆ. ವಿಯೆಟ್ನಾಮಿನಲ್ಲಿ ಹಸಿ ರಕ್ತವನ್ನೇ ಹೆಪ್ಪುಗಟ್ಟಿಸಿ ತಿನ್ನೋ ತಿಯೆತ್ ಕಾನ್ ಅನ್ನೋ ತಿನಿಸಿದೆ. ಅದರಿಂದ ಹಂದಿಗಳ ಬ್ಯಾಕ್ಟೀರಿಯಾ ತಗುಲಿ ಮೆದುಳು ಜ್ವರ ಬಂದು ಕಿವಿ ಕಳೆದುಕೊಂಡವರಿದ್ದಾರೆ, ಸತ್ತವರೂ ಇದ್ದಾರೆ. ಹಾಗಾಗಿ ಹಸಿಯದ್ದು ಬೇಡ, ಎಲ್ಲಿಂದ ಬಂತು ಗೊತ್ತಿಲ್ಲದ್ದು ಬೇಡ. ಆದರೆ ಚೆನ್ನಾಗಿ ಬೆಂದಿದ್ದರ ಕಥೆ ಬೇರೆ. ರಕ್ತದ ಪ್ರೋಟೀನಿಗೂ ಮೊಟ್ಟೆಯ ಪ್ರೋಟೀನಿಗೂ ಹೋಲಿಕೆ ಇದೆ, ಬಿಸಿಗೆ ಎರಡೂ ಗಟ್ಟಿಯಾಗುತ್ತವೆ. ಕೋಪನ್‌ಹೇಗನ್ನಿನ ನಾರ್ಡಿಕ್ ಫುಡ್ ಲ್ಯಾಬಿನವರು 2014ರಲ್ಲಿ ಒಂದು ಮೊಟ್ಟೆಗೆ ಬದಲಾಗಿ 65 ಗ್ರಾಂ ರಕ್ತ ಹಾಕಿ ಕೇಕು, ಐಸ್‌ಕ್ರೀಮು ಮಾಡಿ ತೋರಿಸಿದರು. ಮೊಟ್ಟೆ ಪಲ್ಯದ ಅಣ್ಣ ಅಂತ ನಾನು ಹೇಳಿದ್ದು ಸುಮ್ಮನೆ ಅಲ್ಲ! ರಷ್ಯಾದ ಔಷಧಿ ಅಂಗಡಿಗಳಲ್ಲಿ ಹೆಮಟೊಜೆನ್ ಅಂತ ದನದ ರಕ್ತದಿಂದ ಮಾಡಿದ ಸಿಹಿ ಬಾರನ್ನು ಮಕ್ಕಳಿಗೆ ಕಬ್ಬಿಣದಂಶಕ್ಕೆ ಅಂತ ಕೊಡ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57ರಷ್ಟು ಜನಕ್ಕೆ ರಕ್ತಹೀನತೆ ಇದೆ. ರಕ್ತದ ಪಲ್ಯ ತಿಂದರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಆದರೆ ಬಡವರ ಮನೆಯಲ್ಲಿ ಪುಕ್ಕಟೆ ಸಿಗುತ್ತಿದ್ದ ಕಬ್ಬಿಣದಂಶಕ್ಕೆ ನಾಚಿಕೆಯ ಹಣೆಪಟ್ಟಿ ಅಂಟಿಸಿದ್ದು ಜಾಣತನ ಅಂತೂ ಅಲ್ಲ.

ಮೂರನೆಯದು ನಮ್ಮ ತಲೆಯೊಳಗೇ ಕೂತಿರೋದು. ನಮ್ಮ ಕಥೆಗಳಲ್ಲಿ ರಕ್ತ ಕುಡಿಯೋರು ಯಾರು? ರಾಕ್ಷಸರು. ರಕ್ತಬೀಜನ ಒಂದು ತೊಟ್ಟೂ ನೆಲಕ್ಕೆ ಬೀಳದ ಹಾಗೆ ಕುಡಿದ ಕಾಳಿ. ದುಶ್ಶಾಸನನ ಎದೆ ಬಗೆದ ಭೀಮ. ಯಕ್ಷಗಾನದಲ್ಲಿ ಆ ದೃಶ್ಯಕ್ಕೆ ಸೀಟಿನ ತುದಿಗೆ ಬರೋ ನಾವೇ, ಬಡ್ಡಿ ಸಾಹುಕಾರನಿಗೂ ಮ್ಯಾನೇಜರಿಗೂ 'ರಕ್ತ ಹೀರ್ತಾನೆ' ಅಂತ ಬೈತೀವಿ. ಅದೇ ಕೀನ್ಯಾ, ತಾಂಜಾನಿಯಾದ ಮಸಾಯಿ ಜನ ದನದ ಕುತ್ತಿಗೆಯ ನರಕ್ಕೆ ಚಿಕ್ಕ ಬಾಣ ತಾಗಿಸಿ ಸ್ವಲ್ಪವೇ ರಕ್ತ ತೆಗೆದು ಹಾಲಿಗೆ ಬೆರೆಸಿ ಕುಡೀತಾರೆ. ಗಾಯ ಮುಚ್ಚಿಬಿಡ್ತಾರೆ, ದನ ಸಾಯೋದಿಲ್ಲ, ಮತ್ತೆ ಮೇಯೋಕೆ ಹೋಗುತ್ತೆ. ಕೊಲ್ಲದೇ ಪಡೆದ ಆಹಾರ! ಅಹಿಂಸೆಯ ಲೆಕ್ಕದಲ್ಲಿ ಕೋಳಿ ಬಿರಿಯಾನಿಗಿಂತ ಅದೇ ಮೇಲಲ್ವಾ? ಹೌದು ಅಂತ ತಲೆ ಒಪ್ಪುತ್ತೆ, ಹೊಟ್ಟೆ ಒಪ್ಪೋದಿಲ್ಲ. ಅಸಹ್ಯ ಅನ್ನೋದು ಚಿಕ್ಕಂದಿನಲ್ಲೇ ನಮ್ಮೊಳಗೆ ಇನ್‌ಸ್ಟಾಲ್ ಆಗಿರೋ ಸಾಫ್ಟ್‌ವೇರು. ಯಾರು ಬರೆದರು, ಯಾಕೆ ಬರೆದರು, ಯಾವ ಡಾಕ್ಯುಮೆಂಟೂ ಇಲ್ಲ. ಈಗ ತಾನೇ ಈದ ಹಸುವಿನ ಹಳದಿ ಹಾಲಿಗೆ ಬೆಲ್ಲ ಹಾಕಿ ಗಿಣ್ಣು ಮಾಡಿ ತಿನ್ನೋ ನಮ್ಮನ್ನು ಕಂಡು ಮುಖ ಕಿವುಚುವವರೂ ಈ ಪ್ರಪಂಚದಲ್ಲಿದ್ದಾರೆ ಅನ್ನೋದು ನೆನಪಿರಲಿ.

ಹಾಗಂತ ನಾನೇನು ಮೇಲಿನವನಲ್ಲ. ನಮ್ಮಜ್ಜಿಯೂ ಅಲ್ಲ. ಮ್ಯಾಂಚೆಸ್ಟರಿನಿಂದ ಅವರಿಗೆ ಫೋನು ಮಾಡಿ, "ಅಜ್ಜಿ, ಇಲ್ಲಿ ಬಿಳೇ ಜನಾನೂ ರಕ್ತ ತಿಂತಾರೆ" ಅಂದೆ.

"ತಿನ್ಲಿ ಬುಡು. ಕುರೀದೋ, ಮೇಕೇದೋ?"

"ಹಂದೀದು ಅಜ್ಜಿ."

"ಥೂ! ನೀ ಏನಾರ ಬಾಯಿಗಿಟ್ಯೇನ್ಲಾ?"

"ಇಲ್ಲಜ್ಜಿ" ಅಂದೆ. ನೋಡಿ, ಅಲ್ಲೂ ಒಂದು ಸುಳ್ಳು.

ಈ ಏಣಿಯ ಪ್ರತಿ ಮೆಟ್ಟಿಲಿನಲ್ಲೂ ಒಬ್ಬರು ನಿಂತು ಕೆಳಗಿನವರ ತಟ್ಟೆ ನೋಡಿ ಥೂ ಅಂತಾ ಇದ್ದಾರೆ. ಕುರಿ ಮಾಂಸ ತಿನ್ನೋರನ್ನು ಕಂಡು ಸೊಪ್ಪು ತಿನ್ನೋರು, ರಕ್ತ ತಿನ್ನೋರನ್ನು ಕಂಡು ಮಾಂಸ ತಿನ್ನೋರು, ಹಂದಿ ದನ ತಿನ್ನೋರನ್ನು ಕಂಡು ಕುರಿ ರಕ್ತ ತಿನ್ನೋ ನಾವು. ನಮ್ಮೂರಿನ ಇನ್ನೊಂದು ಕೇರಿಯ ಊಟದ ಬಗ್ಗೆ ನಮ್ಮ ಜಗಲಿಯಲ್ಲಿ ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯೋಕೆ ನನಗೆ ನಾಚಿಕೆಯಾಗುತ್ತೆ. ಏಣಿಯಿಂದ ಆಚೆ, ಪಾಸ್‌ಪೋರ್ಟಿಗೆ ಸೀಲು ಬಿದ್ದ ಮೇಲೆ ಮಾತ್ರ ಎಲ್ಲವೂ 'ಕಲ್ಚರ್' ಆಗಿಬಿಡುತ್ತೆ. ಇಂಗ್ಲಿಷರ ತಟ್ಟೆಯ ರಕ್ತಕ್ಕೆ ಫೋಟೋ, ಶಿಲ್ಲಾಂಗಿನವಳ ಡಬ್ಬಿಯ ರಕ್ತಕ್ಕೆ ಡ್ರಾಕುಲಾ.

ವಾಪಸ್ ಬಂದ ಮೇಲೆ ಒಂದು ದಿನ ಕಾಫಿ ಮೆಷಿನ್ ಹತ್ತಿರ ಅವಳು ಒಬ್ಬಳೇ ಸಿಕ್ಕಳು. ಆ ಊಟದ ದಿನದಿಂದ ಅವಳು ನಮ್ಮ ಟೇಬಲ್ಲಿಗೆ ಬರೋದು ನಿಲ್ಲಿಸಿದ್ದಳು. ಯಾರೂ ಯಾಕೆ ಅಂತ ಕೇಳಿರಲಿಲ್ಲ. ನಾನು ಹೊಸತೊಡಕು, ಬೋಗುಣಿ, ಅಜ್ಜಿಯ ಪಲ್ಯ ಎಲ್ಲ ಹೇಳಿದೆ. ಅವಳಿಗೆ ಖುಷಿಯಾಯ್ತು. ತೆಂಗಿನಕಾಯಿ ಹಾಕ್ತೀರಾ, ನಾವು ಕರಿ ಎಳ್ಳು ಹಾಕೋದುಂಟು ಅಂತೆಲ್ಲ ಐದು ನಿಮಿಷ ಮಾತಾಡಿದಳು. ಆಮೇಲೆ ಲೋಟ ಕೆಳಗಿಟ್ಟು ಕೇಳಿದಳು, "ಮತ್ತೆ ಅವತ್ತು ಯಾಕೆ ಸುಮ್ಮನಿದ್ದೆ?"

ಜಗಳದ ದನಿ ಅಲ್ಲ. ನಿಜವಾಗಲೂ ತಿಳ್ಕೊಳ್ಳೋಕೆ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೀಟಿಂಗ್ ಇದೆ ಅಂತ ಜಾರಿಕೊಂಡೆ.

ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಟ್ಟ ಉತ್ತರ ಅಂದುಕೊಳ್ಳಿ. ಎಲ್ಲರೂ ರಕ್ತ ತಿನ್ನಿ ಅಂತ ನಾನು ಹೇಳ್ತಿಲ್ಲ. ಇಷ್ಟವಿಲ್ಲದಿದ್ದರೆ "ನನಗೆ ಬೇಡ" ಅನ್ನಿ, ಸಾಕು. ಥೂ ಅನ್ನಬೇಡಿ. ಪಕ್ಕದವರು ಥೂ ಅಂದಾಗ ನನ್ನ ಹಾಗೆ ನಗಬೇಡಿ. ಅದರಲ್ಲೂ ನಿಮ್ಮ ಮನೆಯಲ್ಲೂ ಅದನ್ನೇ ಮಾಡ್ತಿದ್ದರೆ.

ಮುಂದಿನ ಯುಗಾದಿಗೆ ಊರಿಗೆ ಹೋಗ್ತಿದ್ದೀನಿ. ಅಜ್ಜಿಗೆ ಈಗ ಕಣ್ಣು ಮಂಜು, ಒಲೆ ಮುಂದೆ ಕೂರೋಕಾಗಲ್ಲ. ಈ ಸಲ ಪಲ್ಯ ಮಾಡೋನು ನಾನು, ಅವರು ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ ಸಾಕು. ಫೋಟೋ ತೆಗೆದು ಅದೇ ಟೀಮ್ ಗ್ರೂಪಿಗೆ ಹಾಕ್ತೀನಿ. ಚಪ್ಪಾಳೆ ಎಷ್ಟು ಬರುತ್ತೆ ನೋಡೋಣ.

ನಿಮ್ಮ ಮನೆಗಳಲ್ಲಿ, ನಿಮ್ಮೂರಿನ ಕಡೆ ಇದನ್ನು ಮಾಡ್ತಿದ್ರಾ? ಏನಂತ ಕರೀತಿದ್ರಿ? ಹೇಳೋಕೆ ಹಿಂಜರಿಕೆ ಆದರೆ, ಮೊದಲು ಹೇಳಿದವನು ನಾನೇ ಅನ್ನೋ ಧೈರ್ಯದ ಮೇಲೆ ಹೇಳಿ :)